ಹಗೂರಣ್ಣನ ಓವರ್‌ಸ್ಪೀಡು

ಹದಿನೇಳನೇ ನಂಬರಿನ ಬಸ್ಸಿಗೆ ಇಪ್ಪತ್ತೆರಡು ವರ್ಷದಿಂದ ಒಬ್ಬನೇ ಡ್ರೈವರು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದವರಿಗೆಲ್ಲ ಅವನು ಹಗೂರಣ್ಣ. ಹತ್ತುವವರಿಗೆ "ಹಗೂರ ಹತ್ತಿ", ಇಳಿಯುವವರಿಗೆ "ಹಗೂರ ಇಳೀರಿ" ಎನ್ನುತ್ತಿದ್ದುದರಿಂದ ಬಂದ ಹೆಸರು ಅದು ಎಂದು ಅವನು ನಂಬಿದ್ದ. ಅವನು ಬಸ್ಸು ಓಡಿಸುವ ರೀತಿಯಿಂದ ಬಂದದ್ದು ಎಂದು ಪ್ರಯಾಣಿಕರು ನಂಬಿದ್ದರು. ಆ ಬಸ್ಸಿನಲ್ಲಿ ನಿಂತುಕೊಂಡೇ ಸೂಜಿಗೆ ದಾರ ಪೋಣಿಸಬಹುದಿತ್ತು. ಸೈಕಲ್ಲಿನವರು ಪಕ್ಕಕ್ಕೆ ಬಂದು, ಕಿಟಕಿಯಲ್ಲಿ ಕೂತ ಪರಿಚಯಸ್ಥರ ಕಷ್ಟಸುಖ ವಿಚಾರಿಸಿ, ಮಾತು ಮುಗಿಸಿ ಮುಂದೆ ಹೋಗುತ್ತಿದ್ದರು.

ಇಪ್ಪತ್ತೆರಡು ವರ್ಷದಲ್ಲಿ ಒಂದು ದೂರಿಲ್ಲ, ಬಸ್ಸಿಗೆ ಒಂದು ಗೀರಿಲ್ಲ. ಬರುವ ತಿಂಗಳು ಅವನ ಎದೆಗೆ 'ಸುರಕ್ಷಿತ ಚಾಲಕ' ಎಂಬ ಹಿತ್ತಾಳೆಯ ಬಿಲ್ಲೆ ತಗುಲಿಸುವುದೆಂದು ಡಿಪೋದಲ್ಲಿ ತೀರ್ಮಾನವಾಗಿತ್ತು. ಬಿಲ್ಲೆಯ ಭಾರಕ್ಕೆ ಬಟ್ಟೆ ಜೋಲಬಾರದೆಂದು ಹೆಂಡತಿ ಅವನ ಹೊಸ ಅಂಗಿಗೆ ಎದೆಯ ಹತ್ತಿರ ಒಳಗಿನಿಂದ ಇನ್ನೊಂದು ಪದರ ಕೊಟ್ಟು ಹೊಲಿದಿದ್ದಳು. ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುವವಳು ಅವಳು. ಅಳತೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ.

ಇಂಥ ನೆಮ್ಮದಿಯ ಸಂಸಾರದೊಳಕ್ಕೆ ಕ್ಯಾಲ್ಕುಲಸ್ ಕಾಲಿಟ್ಟದ್ದು ಮಗಳ ಮೂಲಕ. ಕಾಲೇಜಿನ ಮೊದಲ ವರ್ಷ. ಲಿಮಿಟ್ಟು, ಡಿರೈವೇಟಿವ್ ಎಂಬ ಪಾಠಕ್ಕೆ ಟೆಸ್ಟು ಕೊಟ್ಟರು. ಹುಡುಗಿಗೆ ಇಪ್ಪತ್ತೈದಕ್ಕೆ ಮೂರು ಬಂತು. ಆ ಮೂರನ್ನೂ ಪ್ರಶ್ನೆಗಳನ್ನು ದುಂಡಗೆ ನಕಲು ಮಾಡಿದ್ದಕ್ಕೆ ಕೊಟ್ಟಿರಬೇಕೆಂದು ಅವಳೇ ಹೇಳಿದಳು. ತಿಂಗಳ ಕೊನೆಗೆ ಮರುಪರೀಕ್ಷೆ.

ಸುದ್ದಿ ಕಾಂಪೌಂಡು ಹಾರಲು ಎಷ್ಟು ಹೊತ್ತು? ಸಂಜೆ ಹಗೂರಣ್ಣ ಮನೆಗೆ ಬರುವಾಗ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ತರು ಗೇಟಿನ ಮೇಲೆ ಎರಡೂ ಮೊಣಕೈ ಊರಿ ಕಾಯುತ್ತಿದ್ದರು.

"ನಮ್ಮ ಮೊಮ್ಮಗನಿಗೆ ಮೂರು ಕಡೆ ಟ್ಯೂಷನ್ ಹಾಕಿದ್ದೀವಿ ಡ್ರೈವರೇ. ಕ್ಯಾಲ್ಕುಲಸ್ ಅಂದ್ರೆ ಸಾಮಾನ್ಯವೇ? ನಿಮ್ಮ ಹುಡುಗಿಗೆ ಯಾರು ಹೇಳಿಕೊಡ್ತಾರೆ, ಪಾಪ?"

ಎಲ್ಲವನ್ನೂ ಸಹಿಸಬಹುದಿತ್ತು, ಆ 'ಪಾಪ' ಒಂದನ್ನು ಸಹಿಸಲಾಗಲಿಲ್ಲ. ಹಗೂರಣ್ಣನ ಬಾಯಿ ಅವನನ್ನು ಕೇಳದೆಯೇ ತೆರೆಯಿತು.

"ಹೊರಗಿನವರು ಯಾಕೆ ಸಾರ್? ಮನೇಲಿ ಅಪ್ಪ ಇಲ್ವಾ?"

"ನಿಮಗೆ ಕ್ಯಾಲ್ಕುಲಸ್ ಬರುತ್ತಾ?"

"ಲಿಮಿಟ್ಟಿನ ಒಳಗೆ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದೀನಿ. ನನಗೆ ಲಿಮಿಟ್ ಹೇಳಿಕೊಡೋರು ಇನ್ನೂ ಹುಟ್ಟಬೇಕು!"

ಒಳಗೆ ಯಂತ್ರದ ಪೆಡಲು ಥಟ್ಟನೆ ನಿಂತಿತು. ಮನೆಗೆ ಬಂದ ಗಂಡನನ್ನು ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ರೀ, ಕಿರಾಣಿ ಅಂಗಡಿ ಬಿಲ್ಲು ಕೂಡೋಕೆ ಮೂರು ಸಲ ಬೆರಳು ಎಣಿಸೋರು ನೀವು. ಯಾಕ್ರೀ ಬೇಕಿತ್ತು?"

"ಹೇಳಿಬಿಟ್ಟೆ ಕಣೇ. ಇನ್ನು ಕಲಿತುಬಿಟ್ಟರಾಯ್ತು."

ಕಲಿಯುವುದಕ್ಕೆ ಮೊದಲೇ ಖ್ಯಾತಿ ಬಂತು. ಹದಿನೇಳನೇ ನಂಬರಿನ ಕಂಡಕ್ಟರಿಗೆ ಒಂದು ಗುಟ್ಟು ಹೇಳಿದರೆ ಮುಂದಿನ ನಿಲ್ದಾಣಕ್ಕೆ ಬಸ್ಸಿಗಿಂತ ಮೊದಲು ಆ ಗುಟ್ಟು ತಲುಪುತ್ತಿತ್ತು. ಪೋಸ್ಟ್ ಮಾಸ್ತರರಿಂದ ವಿಷಯ ತಿಳಿದದ್ದೇ ತಡ, ಅವನು ಟಿಕೆಟ್ಟು ಹರಿಯುತ್ತಾ, "ನಮ್ಮ ಡ್ರೈವರು ಕ್ಯಾಲ್ಕುಲಸ್ ಪಂಡಿತರು! ಡೌಟಿದ್ರೆ ಕೇಳಿ, ಟಿಕೆಟ್ಟಿನ ಮೇಲೆ ಫ್ರೀ!" ಎಂದು ಸಾರತೊಡಗಿದ. ಹಗೂರಣ್ಣ ಕನ್ನಡಿಯಲ್ಲಿ ಅವನನ್ನು ದುರುಗುಟ್ಟಿ ನೋಡಿದ. ಆದರೆ ಅದೇ ಕನ್ನಡಿಯಲ್ಲಿ ನಲವತ್ತು ಜೊತೆ ಕಣ್ಣು ತನ್ನ ಬೆನ್ನನ್ನು ಗೌರವದಿಂದ ನೋಡುತ್ತಿದ್ದುದೂ ಕಂಡಿತು. ಸುಮ್ಮನಾದ.

ಮಂಗಳವಾರ ಬೆಳಿಗ್ಗೆ ಕೆರೆಯ ಮೇಲಿನ ಉದ್ದದ ಸೇತುವೆ ಹತ್ತುವಾಗ ಮುಂದಿನ ಸೀಟಿನಲ್ಲಿ ಕೂತಿದ್ದ ಕನ್ನಡಕದ ಹೆಂಗಸೊಬ್ಬರು ಕೇಳಿಯೇಬಿಟ್ಟರು.

"ಡ್ರೈವರೇ, ಸೊನ್ನೆಯ ಹತ್ತಿರ ಹತ್ತಿರ ಹೋಗಬೇಕು, ಸೊನ್ನೆಯನ್ನ ಮುಟ್ಟಬಾರದು ಅಂತಾರಲ್ಲ ಲಿಮಿಟ್ಟಿನಲ್ಲಿ, ಅದು ಯಾಕೆ?"

ಹಗೂರಣ್ಣ ಗಂಟಲು ಸರಿಮಾಡಿಕೊಂಡ. "ಅದು ಮರ್ಯಾದೆಯ ಪ್ರಶ್ನೆ ಅಮ್ಮಾ. ಈಗ ಮುಂದೆ ಒಂದು ಲಾರಿ ಹೋಗ್ತಿದೆ ಅನ್ನಿ. ನಾವು ಹತ್ತಿರ ಹೋಗ್ತೀವಿ. ಇನ್ನೂ ಹತ್ತಿರ ಹೋಗ್ತೀವಿ. ಮುಟ್ತೀವಾ? ಮುಟ್ಟಿದ್ರೆ ಕೇಸು! ಸೊನ್ನೆಯೂ ಹಾಗೇ."

ಬಸ್ಸಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಹಗೂರಣ್ಣನಿಗೆ ಸ್ಫೂರ್ತಿ ಬಂತು. ಸೊನ್ನೆಯಿಂದ ಅನಂತಕ್ಕೆ ಹೋದ, ಅನಂತದಿಂದ ಸಂಸಾರಕ್ಕೆ ಬಂದ, ಮನುಷ್ಯನ ಆಸೆಗೆ ಲಿಮಿಟ್ ಇಲ್ಲದ್ದನ್ನು ಖಂಡಿಸಿದ. ಮಾತಿನ ಬಿಸಿಯೆಲ್ಲ ಆಕ್ಸಿಲರೇಟರಿನ ಕಾಲಿಗೆ ಇಳಿದಿತ್ತೋ ಏನೋ, ಅಂದು ಸೇತುವೆಯ ಮೇಲೆ ಒಂದು ಸೈಕಲ್ಲೂ ಬಸ್ಸನ್ನು ಹಿಂದಿಕ್ಕಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಹತ್ತು ದಿನದ ಮೇಲೆ ಕಂದು ಲಕೋಟೆ ಬಂತು. ಸೇತುವೆಯ ಎರಡು ತುದಿಗೂ ಹೊಸದಾಗಿ ಕ್ಯಾಮೆರಾ ಹಾಕಿದ್ದರಂತೆ. ಎರಡು ತುದಿಯಲ್ಲೂ ನಲವತ್ತರ ವೇಗದಲ್ಲಿ ಕಂಡ ಹದಿನೇಳನೇ ನಂಬರಿನ ಬಸ್ಸು ಆರು ಕಿಲೋಮೀಟರಿನ ಸೇತುವೆಯನ್ನು ಐದೇ ನಿಮಿಷದಲ್ಲಿ ದಾಟಿದೆ. ಅಂದರೆ ಗಂಟೆಗೆ ಎಪ್ಪತ್ತೆರಡು ಕಿಲೋಮೀಟರು. ಅಲ್ಲಿನ ಮಿತಿ ಅರವತ್ತು. ವಿಚಾರಣೆಗೆ ಹಾಜರಾಗತಕ್ಕದ್ದು. ಅಲ್ಲಿಯವರೆಗೆ ಬಿಲ್ಲೆಯನ್ನು ತಡೆಹಿಡಿಯಲಾಗಿದೆ.

ಬೀದಿ ಅಲ್ಲೋಲಕಲ್ಲೋಲವಾಯಿತು. "ಹಗೂರಣ್ಣನಿಗೆ ಓವರ್‌ಸ್ಪೀಡಾ?" ಎಂದು ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಬೀದಿಗೆ ಬಂದ. ಅವನ ಹಿಂದೆ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿಯೂ ಬಂದ. "ಬಸ್ಸು ಬೇರೆ ಯಾವುದೋ ಇರಬೇಕು," ಎಂದರು ಕೆಲವರು. "ಗಡಿಯಾರ ಕೆಟ್ಟಿರಬೇಕು," ಎಂದರು ಉಳಿದವರು. ಪೋಸ್ಟ್ ಮಾಸ್ತರು ನೋಟಿಸನ್ನು ಬೆಳಕಿಗೆ ಹಿಡಿದು ಸೀಲು ಅಸಲಿಯೆಂದು ಪ್ರಮಾಣೀಕರಿಸಿದರು.

"ನನ್ನ ಸ್ಪೀಡು ಮೀಟರಿನ ಮುಳ್ಳು ಅರವತ್ತು ದಾಟಿಲ್ಲ!" ಹಗೂರಣ್ಣ ಎದೆ ತಟ್ಟಿ ಹೇಳಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಂದು ಮುಳ್ಳನ್ನು ನೋಡುವಷ್ಟು ಪುರುಸೊತ್ತು ಅವನಿಗೆ ಇರಲೇ ಇಲ್ಲ.

ಹೆಂಡತಿ ಹಲ್ಲಿನಲ್ಲಿ ದಾರ ಕಡಿದು ಹೇಳಿದಳು. "ಆರು ಕಿಲೋಮೀಟರು ಐದು ನಿಮಿಷಕ್ಕೆ ಹೋಗಿದ್ದೀರಿ ಅಂದ್ರೆ ಜೋರಾಗೇ ಹೋಗಿದ್ದೀರಿ. ತಪ್ಪಾಯ್ತು ಅಂತ ಬರೆದುಕೊಟ್ಟು ಬನ್ನಿ."

"ಅದು ಸರಾಸರಿ ವೇಗ ಕಣೇ! ಸರಾಸರಿ ಬೇರೆ, ಆ ಕ್ಷಣದ ವೇಗ ಬೇರೆ. ಮಗಳ ಪುಸ್ತಕದಲ್ಲೇ ಇದೆ. ಸುಮ್ಮನೆ ಬಿಡ್ತೀನಾ? ಕ್ಯಾಲ್ಕುಲಸ್ ಹಾಕಿ ಕೇಸನ್ನ ಒಡೆದುಹಾಕ್ತೀನಿ!"

ಈ ಪ್ರತಿಜ್ಞೆಯನ್ನು ಕಂಡಕ್ಟರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಸಂಜೆಯೊಳಗೆ ಇಡೀ ಡಿಪೋಗೆ ಗೊತ್ತಾಯಿತು.

ಹೀಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿಹೋದ ಮೇಲೆ ಹಗೂರಣ್ಣ ಮಗಳ ಎದುರು ಚಾಪೆ ಹಾಕಿಕೊಂಡು ಕೂತ. ತನಗೆ ಗೊತ್ತಿಲ್ಲವೆಂದು ಹೇಳುವುದು ಹೇಗೆ? ಪರೀಕ್ಷೆ ಮಾಡುವವನ ಗತ್ತಿನಲ್ಲಿ ಕೇಳಿದ. "ಎಲ್ಲಿ ಹೇಳು ನೋಡೋಣ, ಡಿರೈವೇಟಿವ್ ಅಂದ್ರೇನು?"

ಮಗಳು ಒಂದೇ ಉಸಿರಿನಲ್ಲಿ ಪುಸ್ತಕದ ವಾಕ್ಯವನ್ನು ಒಪ್ಪಿಸಿದಳು.

"ಅಂದ್ರೆ?"

"ಅಂದ್ರೆ... ಅದೇ ಅಪ್ಪ."

"ನನಗೆ ಗೊತ್ತು. ನಿನಗೆ ಗೊತ್ತಾ ಅಂತ ಕೇಳಿದೆ."

"ನಿನಗೂ ಗೊತ್ತಿಲ್ಲ," ಎಂದಳು ಮಗಳು. ಯಂತ್ರದ ಕಡೆಯಿಂದ ನಗೆಯಂಥ ಒಂದು ಕೆಮ್ಮು ಕೇಳಿಸಿತು.

ಗುಟ್ಟು ಹೀಗೆ ರಟ್ಟಾದ ಮೇಲೆ ಇಬ್ಬರಿಗೂ ಹಗುರವಾಯಿತು. ಹಗೂರಣ್ಣ ನಿಜವಾಗಿಯೂ ತನ್ನನ್ನು ಕಾಡುತ್ತಿದ್ದ ಪ್ರಶ್ನೆ ಕೇಳಿದ. "ಅಲ್ಲ ಮಗಾ, ನನ್ನ ಮುಳ್ಳು ಈ ಕ್ಷಣ ಐವತ್ತು ತೋರಿಸುತ್ತೆ. ಒಂದು ಕ್ಷಣದಲ್ಲಿ ಬಸ್ಸು ಎಷ್ಟು ದೂರ ಹೋಗುತ್ತೆ?"

"ಎಷ್ಟೂ ಇಲ್ಲ. ಸೊನ್ನೆ."

"ಎಷ್ಟು ಹೊತ್ತು ಹಿಡಿಯುತ್ತೆ?"

"ಅದೂ ಸೊನ್ನೆ."

"ದೂರವನ್ನ ಹೊತ್ತಿನಿಂದ ಭಾಗಿಸಿದ್ರೆ ವೇಗ. ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದ್ರೆ?"

"ಲೆಕ್ಚರರ್ ಬೈತಾರೆ."

"ಹಾಗಾದ್ರೆ ಇಪ್ಪತ್ತೆರಡು ವರ್ಷದಿಂದ ಆ ಮುಳ್ಳು ನನಗೆ ಏನನ್ನ ತೋರಿಸ್ತಾ ಇದೆ?"

ಮಗಳು ಪೆನ್ನು ಕಚ್ಚಿಕೊಂಡು ಪುಸ್ತಕದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು. ಆಮೇಲೆ ಅವಳ ಕಣ್ಣು ಅಗಲವಾಯಿತು. "ಅಪ್ಪ, ನಾಳೆ ನಾನು ನಿನ್ನ ಬಸ್ಸಿಗೆ ಬರ್ತೀನಿ."

ಸೇತುವೆಯ ಮೇಲೆ ಐವತ್ತು ಮೀಟರಿಗೊಂದು ದೀಪದ ಕಂಬ. ಒಂದು ಕಂಬಕ್ಕೆ ಯಾರೋ ಕೆಂಪು ಬಣ್ಣ ಬಳಿದಿದ್ದರು. ಮರುದಿನ ಮಧ್ಯಾಹ್ನ ಜನ ಕಡಿಮೆಯಿದ್ದ ಟ್ರಿಪ್ಪಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ಗಡಿಯಾರ ಹಿಡಿದು ಕೂತಳು. ಕೆಂಪು ಕಂಬದ ಹತ್ತಿರ ಬಂದಾಗ ಹಗೂರಣ್ಣ "ಮೂವತ್ತಾರು!" ಎಂದು ಮುಳ್ಳು ಓದಿದ. ಅಲ್ಲಿಂದ ಒಂದೇ ಸಮನೆ ಸ್ವಲ್ಪ ಸ್ವಲ್ಪವಾಗಿ ವೇಗ ಏರಿಸುತ್ತಾ ಹೋದ. ಕಂಬ ದಾಟಿದ ಹಾಗೆಲ್ಲ ಮಗಳು ಹೊತ್ತು ಬರೆದುಕೊಂಡಳು. ಕಂಡಕ್ಟರು ಶಿಳ್ಳೆ ಊದಿ, "ಯಾರೂ ಇಳಿಯೋ ಹಾಗಿಲ್ಲ, ಪ್ರಯೋಗ ನಡೀತಿದೆ!" ಎಂದ. ನೀರಿನ ನಡುವೆ ಇಳಿಯುವ ಯೋಚನೆ ಯಾರಿಗೂ ಇರಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಟಿಕೆಟ್ಟಿನ ಹಿಂಭಾಗದಲ್ಲಿ ಲೆಕ್ಕವಾಯಿತು. ಕೆಂಪು ಕಂಬದಿಂದ ಮುಂದಿನ ಆರು ಕಂಬದವರೆಗಿನ ಸರಾಸರಿ ವೇಗ ನಲವತ್ತಮೂರು. ಮೂರು ಕಂಬದವರೆಗಿನದು ನಲವತ್ತು. ಒಂದೇ ಕಂಬದವರೆಗಿನದು ಮೂವತ್ತೇಳೂವರೆ.

"ಕಂಬಗಳು ಇನ್ನೂ ಹತ್ತಿರ ಇದ್ದಿದ್ದರೆ?" ಮಗಳು ಟಿಕೆಟ್ಟನ್ನು ಅಪ್ಪನ ಮೂಗಿನ ಹತ್ತಿರ ಹಿಡಿದಳು. "ಇಪ್ಪತ್ತು ಮೀಟರಿಗೆ, ಒಂದು ಮೀಟರಿಗೆ, ಒಂದು ಗೇಣಿಗೆ? ಎಲ್ಲಿಗೆ ಹೋಗ್ತಾ ಇದೆ ನೋಡು ಅಪ್ಪ!"

"ಮೂವತ್ತಾರಕ್ಕೆ!" ಹಗೂರಣ್ಣ ಸ್ಟೇರಿಂಗ್ ಗುದ್ದಿದ. ಹಾರ್ನು ಬಡಿದುಕೊಂಡದ್ದಕ್ಕೆ ನಿಲ್ದಾಣದ ಜನ ಬೆಚ್ಚಿಬಿದ್ದರು. "ನನ್ನ ಮುಳ್ಳಿಗೆ!"

"ಹೊತ್ತು ಸೊನ್ನೆ ಆಗಬೇಕಾಗಿಲ್ಲ. ಚಿಕ್ಕದಾಗ್ತಾ ಹೋದ ಹಾಗೆ ಸರಾಸರಿ ಯಾವುದರ ಕಡೆಗೆ ಹೋಗುತ್ತೋ ಅದು ಲಿಮಿಟ್ಟು. ಆ ಲಿಮಿಟ್ಟೇ ಆ ಕ್ಷಣದ ವೇಗ. ಅದೇ ಡಿರೈವೇಟಿವ್! ಅಯ್ಯೋ, ಇಷ್ಟೇನಾ ಇದು?"

ಮಗಳು ಇದನ್ನು ಹೇಳುವಾಗ ಹಗೂರಣ್ಣ ಅವಳನ್ನು ನೋಡಿದ ಹಾಗೆ ಅವನು ಯಾವ ಬಿಲ್ಲೆಯನ್ನೂ ನೋಡಿರಲಿಲ್ಲ. ಆ ವಾರ ಹತ್ತಿದವರಿಗೆಲ್ಲ ಅವನು ಇದನ್ನು ವಿವರಿಸಿದ, ಆದರೆ ಬಸ್ಸನ್ನು ಪೂರ್ತಿ ನಿಲ್ಲಿಸಿಕೊಂಡು ವಿವರಿಸಿದ. ಹದಿನೇಳನೇ ನಂಬರು ಎಲ್ಲ ಕಡೆಗೂ ಅರ್ಧ ಗಂಟೆ ತಡವಾಗಿ ಓಡಿತು. ಮರುಪರೀಕ್ಷೆಯಲ್ಲಿ ಮಗಳಿಗೆ ಹತ್ತೊಂಬತ್ತು ಬಂತು.

ವಿಚಾರಣೆ ಡಿಪೋದ ಮಹಡಿಯ ಕೋಣೆಯಲ್ಲಿ ನಡೆಯಿತು. ವಿಚಾರಣಾಧಿಕಾರಿ ನಡುವಯಸ್ಸಿನ ಮೇಡಂ. ಅವರ ಮುಂದೆ ಫೈಲುಗಳ ಗುಡ್ಡ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಹಿಂದಿನ ಬೆಂಚಿನಲ್ಲಿ ಹೆಂಡತಿ, ಮಗಳು, ಪೋಸ್ಟ್ ಮಾಸ್ತರು ಕೂತಿದ್ದರು. ಡ್ಯೂಟಿ ತಪ್ಪಿಸಿ ಬಂದ ಎಂಟು ಜನ ಡ್ರೈವರುಗಳು ಬಾಗಿಲಿಗೆ ಆತುಕೊಂಡು ನಿಂತಿದ್ದರು.

"ನಿಮ್ಮ ವಾದ ಏನು?" ಮೇಡಂ ಕೇಳಿದರು.

ಹಗೂರಣ್ಣ ಹೊಸ ಅಂಗಿಯ ಕಾಲರು ಸರಿಮಾಡಿಕೊಂಡ. "ಮೇಡಂ, ಕ್ಯಾಮೆರಾ ನನ್ನನ್ನ ಎರಡೇ ಕ್ಷಣ ನೋಡಿದ್ದು. ಸೇತುವೆಯ ಆ ತುದಿಯಲ್ಲಿ ನನ್ನ ವೇಗ ನಲವತ್ತು, ಈ ತುದಿಯಲ್ಲೂ ನಲವತ್ತು. ನಿಮ್ಮ ಕಾಗದದಲ್ಲೇ ಇದೆ. ನಿಯಮ ಏನು ಹೇಳುತ್ತೆ? ಯಾವುದೇ ಕ್ಷಣದಲ್ಲಿ ಅರವತ್ತು ಮೀರಿದರೆ ತಪ್ಪು. ಎಪ್ಪತ್ತೆರಡು ಅನ್ನೋದು ಬರೀ ಸರಾಸರಿ. ಅರವತ್ತು ಮೀರಿದ ಕ್ಷಣವನ್ನ ತೋರಿಸಿ!"

ಬಾಗಿಲ ಹತ್ತಿರ ಎಂಟು ಗಂಟಲುಗಳು ಒಟ್ಟಿಗೆ "ಶಭಾಷ್" ಎಂದವು. ಸಾಕ್ಷಿಯಾಗಿ ಕಂಡಕ್ಟರು ಎದ್ದ. "ಅವತ್ತು ಅಣ್ಣ ಎಷ್ಟು ನಿಧಾನ ಹೋದ್ರು ಅಂದ್ರೆ ಮೇಡಂ, ನಾನು ಸೇತುವೆ ಮಧ್ಯೆ ಇಳಿದು, ಮೀನು ಹಿಡಿಯೋರ ಹತ್ರ ಮಾತಾಡಿ, ಮತ್ತೆ ಹತ್ತಿಕೊಂಡೆ."

"ಐದು ನಿಮಿಷದಲ್ಲಿ?"

"ಸಣ್ಣ ಮಾತು ಮೇಡಂ."

ಮೇಡಂ ಕಣ್ಣು ಮುಚ್ಚಿ ತೆರೆದರು. ನಿಯಮದ ಪುಸ್ತಕವನ್ನು ಎರಡು ಸಲ ಓದಿದರು. "ಕ್ಷಣ ಅಂತಲೇ ಇದೆ. ಸರಾಸರಿ ಅಂತ ಇಲ್ಲ. ಇಲಾಖೆ ಹತ್ರ ಬೇರೆ ಪುರಾವೆ ಇಲ್ಲದೇ ಇದ್ರೆ ಬಿಟ್ಟುಬಿಡಬೇಕಾಗುತ್ತೆ. ಫೈಲಿಗೆ ಹಾಕೋಕೆ ಒಂದು ಚಿತ್ರ ಬರೆದುಕೊಡಿ, ಆ ಐದು ನಿಮಿಷ ಬಸ್ಸು ಹೇಗೆ ಹೋಯ್ತು ಅಂತ. ಮುಗಿಸೋಣ."

ಹಗೂರಣ್ಣ ಗೆಲುವಿನ ಉತ್ಸಾಹದಲ್ಲಿ ಗೋಡೆಯ ಬಿಳಿ ಹಲಗೆಯ ಮೇಲಿನ ಡ್ಯೂಟಿ ಪಟ್ಟಿಯನ್ನು ತೋಳಿನಿಂದ ಒರೆಸಿದ. ಕೆಳಗೆ ನಿಮಿಷ, ಪಕ್ಕಕ್ಕೆ ವೇಗ. ನಲವತ್ತರಲ್ಲಿ ಶುರು. ಹಗೂರ ಮೇಲಕ್ಕೆ ತಂದ. ಅರವತ್ತಕ್ಕೆ ಮುಟ್ಟಿಸಿ ಗೆರೆಯನ್ನು ಅಡ್ಡಕ್ಕೆ ಎಳೆದ. ಕೊನೆಯಲ್ಲಿ ಮತ್ತೆ ನಲವತ್ತಕ್ಕೆ ಇಳಿಸಿದ. ಚೆಂದದ ಗೆರೆ. ಅದರ ಕೆಳಗೆ ದೂರ ಬರೆಯಹೋದ.

ಪೆನ್ನು ನಿಂತಿತು.

ಅರವತ್ತರಲ್ಲಿ ನಿಮಿಷಕ್ಕೆ ಒಂದು ಕಿಲೋಮೀಟರು. ಐದು ನಿಮಿಷವೂ ಪೂರ್ತಿ ಅರವತ್ತರಲ್ಲೇ ಹೋದರೂ ಐದೇ ಕಿಲೋಮೀಟರು. ಆರನೆಯದು ಎಲ್ಲಿ? ಗೆರೆಯನ್ನು ಒರೆಸಿದ, ಇನ್ನೊಂದು ಥರ ಎಳೆದ. ಮತ್ತೆ ಒರೆಸಿದ. ಅರವತ್ತರ ಕೆಳಗೆ ಹೇಗೆ ಎಳೆದರೂ ಬಸ್ಸು ನೀರಿನ ಮೇಲೆ ಒಂದು ಕಿಲೋಮೀಟರು ಹಿಂದೆಯೇ ನಿಂತುಬಿಡುತ್ತಿತ್ತು. ಹಗೂರಣ್ಣ ತಿರುಗಿ ಮಗಳನ್ನು ನೋಡಿದ. ಅವಳು ಅವನ ಕಣ್ಣು ತಪ್ಪಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು. ಅವಳಿಗೆ ಎಂದೋ ಗೊತ್ತಾಗಿತ್ತು.

"...ಪುರಾವೆಯಿಲ್ಲದ ಕಾರಣ," ಎಂದು ಮೇಡಂ ಬರೆಸುತ್ತಿದ್ದರು, "ಚಾಲಕರನ್ನು ಆರೋಪದಿಂದ..."

"ಬರ್ಕೋಬೇಡಿ ಸಾರ್!" ಹಗೂರಣ್ಣ ಗುಮಾಸ್ತನ ಕಡೆ ಕೈಯೆತ್ತಿದ. "ಪುರಾವೆ ಇದೆ."

"ಯಾರ ಹತ್ರ?" ಮೇಡಂ ಕೇಳಿದರು.

"ನನ್ನ ಹತ್ರಾನೇ."

ಕಂಡಕ್ಟರು ಹಣೆ ಚಚ್ಚಿಕೊಂಡ. "ಅಣ್ಣಾ, ಕೂತ್ಕೋ! ಗೆದ್ದಾಯ್ತು!"

"ಲೆಕ್ಕ ಬಿಡಲ್ಲ ಕಣೋ." ಹಗೂರಣ್ಣ ಹಲಗೆಯ ಮೇಲೆ ಹೊಸ ಗೆರೆ ಎಳೆದ. ಈ ಸಲ ಅದು ಅರವತ್ತನ್ನು ದಾಟಿ ಗುಡ್ಡದಂತೆ ಏರಿ ಇಳಿಯಿತು. "ನೋಡಿ ಮೇಡಂ. ಕ್ಯಾಮೆರಾ ಕ್ಷಣ ನೋಡಿಲ್ಲ, ನಿಜ. ನಾನೂ ನೋಡಿಲ್ಲ. ಆದ್ರೆ ಅಂಥ ಕ್ಷಣ ಇತ್ತು. ಸರಾಸರಿ ಎಪ್ಪತ್ತೆರಡು ಬರಬೇಕಾದ್ರೆ ಯಾವುದೋ ಒಂದು ಕ್ಷಣದಲ್ಲಿ ಮುಳ್ಳು ಎಪ್ಪತ್ತೆರಡನ್ನ ತೋರಿಸಿರಲೇಬೇಕು. ಇಲ್ಲ ಇಲ್ಲ, ತಡೀರಿ. ಎರಡು ತುದಿಯಲ್ಲೂ ನಲವತ್ತೇ ಇತ್ತಲ್ಲ? ಆ ಕೊರತೆ ತುಂಬಬೇಕಾದ್ರೆ ಎಪ್ಪತ್ತೆರಡು ಸಾಲದು. ಅದಕ್ಕೂ ಮೇಲೆ ಹೋಗಿದೀನಿ!"

"ನೋಟಿಸಿನಲ್ಲಿ ಇರೋದಕ್ಕಿಂತ ಜಾಸ್ತಿನಾ?"

"ಜಾಸ್ತಿ ಮೇಡಂ! ನೋಟಿಸು ಬರೆದವರಿಗೆ ಅಷ್ಟು ತಿಳೀಲಿಲ್ಲ. ಇನ್ನೊಂದು ವಿಷಯ. ಅರವತ್ತರ ಗೆರೆಯನ್ನ ಒಂದಲ್ಲ, ಎರಡು ಸಲ ದಾಟಿದೀನಿ. ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ."

"ಹಾಗಾದ್ರೆ ಎರಡು ಅಪರಾಧ ಅಂತ ಬರ್ಕೊಳ್ಳಲಾ?" ಗುಮಾಸ್ತ ಗಾಬರಿಯಿಂದ ಕೇಳಿದ.

ಮೇಡಂ ಮೊದಲ ಬಾರಿಗೆ ಫೈಲು ಮುಚ್ಚಿಟ್ಟು ಹಲಗೆಯ ಕಡೆ ಬಾಗಿದರು. ಅವರ ಮುಖದ ದಣಿವೆಲ್ಲ ಹೋಗಿತ್ತು. "ಒಂದು ಅನುಮಾನ. ಮುಳ್ಳು ಐವತ್ತೊಂಬತ್ತರಿಂದ ಅರವತ್ತೊಂದಕ್ಕೆ ನೆಗೆದುಬಿಟ್ಟಿದ್ರೆ? ಅರವತ್ತನ್ನ, ಎಪ್ಪತ್ತೆರಡನ್ನ ಮುಟ್ಟಲೇಬೇಕು ಅಂತ ಹೇಗೆ ಹೇಳ್ತೀರಿ?"

ಇದು ಹಗೂರಣ್ಣನ ಪಾಠದಲ್ಲಿ ಬಂದಿರಲಿಲ್ಲ. ಹಿಂದಿನ ಬೆಂಚಿನಿಂದ ಮಗಳು ಎದ್ದು ನಿಂತಳು.

"ವೇಗ ನೆಗೆಯಲ್ಲ ಮೇಡಂ. ಬಸ್ಸು ಒಂದು ವೇಗದಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ನಡುವಿನ ಎಲ್ಲ ವೇಗವನ್ನೂ ದಾಟಿಕೊಂಡೇ ಹೋಗಬೇಕು. ನೆಗೆದಿದ್ರೆ ನಿಂತಿದ್ದವರೆಲ್ಲ ಬಿದ್ದುಹೋಗ್ತಿದ್ರು. ನಮ್ಮ ಅಪ್ಪನ ಬಸ್ಸಿನಲ್ಲಿ ಇವತ್ತಿನವರೆಗೂ ಯಾರೂ ಬಿದ್ದಿಲ್ಲ."

ಎಂಟು ಜನ ಡ್ರೈವರುಗಳು ಏನು ಸಾಬೀತಾಯಿತೆಂದು ತಿಳಿಯದೆಯೇ ಜೋರಾಗಿ ಚಪ್ಪಾಳೆ ತಟ್ಟಿದರು. ಹಗೂರಣ್ಣ ಮೇಡಂ ಕಡೆ ತಿರುಗಿ, "ನನ್ನ ಮಗಳು," ಎಂದ. ಗುಮಾಸ್ತನ ಕಡೆ ತಿರುಗಿ, "ನನ್ನ ಮಗಳು," ಎಂದ. ಯಾರೂ ಇಲ್ಲದ ಕಿಟಕಿಯ ಕಡೆಗೂ ಒಮ್ಮೆ ಹೇಳಿದ.

"ನಿಮ್ಮನ್ನ ಬಿಟ್ಟುಬಿಡ್ತಿದ್ದೆ," ಎಂದರು ಮೇಡಂ. "ನೀವು ಯಾರ ಪರ ವಾದ ಮಾಡೋಕೆ ಬಂದಿರಿ?"

"ನನ್ನ ಪರವೇ ಬಂದಿದ್ದು ಮೇಡಂ. ಲೆಕ್ಕ ಆ ಕಡೆ ಹೋಯ್ತು, ನಾನೂ ಹೋದೆ."

ಶಿಕ್ಷೆ ತಪ್ಪಲಿಲ್ಲ. ಬಿಲ್ಲೆ ಎರಡು ವರ್ಷ ಮುಂದಕ್ಕೆ ಹೋಯಿತು. ಒಂದು ತಿಂಗಳು ಡಿಪೋದ ಅಂಗಳದಲ್ಲಿ ಬಸ್ಸುಗಳನ್ನು ತೊಳೆಯುವ ಜಾಗಕ್ಕೆ ನಡೆಸುವ ಕೆಲಸ, ಅಲ್ಲಿನ ಮಿತಿ ಹತ್ತು. ಹಗೂರಣ್ಣ ಎಲ್ಲವನ್ನೂ ಹಸನ್ಮುಖನಾಗಿ ಒಪ್ಪಿಕೊಂಡ. ಆದರೆ ಆದೇಶವನ್ನು ಓದಿಸಿ ಕೇಳಿದವನು ಸಹಿ ಹಾಕಲು ನಿರಾಕರಿಸಿದ. ಅದರಲ್ಲಿ ಮೂರು ಪದ ಬಿಟ್ಟುಹೋಗಿವೆ ಎಂದ. ಮೇಡಂ ಕೇಳಿದರು, ನಕ್ಕರು, ಸೇರಿಸಿ ಸೀಲು ಒತ್ತಿದರು. ಅವನು ಒಂದು ಪ್ರತಿಯನ್ನೂ ಕೇಳಿ ಪಡೆದುಕೊಂಡ.

ತಾನು ಮೊದಲ ದಿನವೇ ಇದನ್ನು ಹೇಳಿದ್ದೆನೆಂದು ಹೆಂಡತಿ ದಾರಿಯಲ್ಲಿ ಎತ್ತಿ ಆಡಲಿಲ್ಲ. ಮನೆಗೆ ಬಂದವಳೇ ಗೋಡೆಯಲ್ಲಿದ್ದ ಕ್ಯಾಲೆಂಡರು ತೆಗೆದಳು. ಆದೇಶದ ಪ್ರತಿಗೆ ಹಿಂದಿನಿಂದ ಗಟ್ಟಿ ಬಟ್ಟೆ ಕೊಟ್ಟು, ಸುತ್ತ ಅಂಚು ಕಟ್ಟಿ, ಬಾಗಿಲು ತೆರೆದರೆ ನೇರ ಕಾಣುವ ಹಾಗೆ ತೂಗುಹಾಕಿದಳು. ಸಂಜೆ ಬೀದಿಯವರೆಲ್ಲ ನೋಡಲು ಬಂದರು.

ಪೋಸ್ಟ್ ಮಾಸ್ತರು ಕನ್ನಡಕ ಏರಿಸಿ ಗೋಡೆಯ ಹತ್ತಿರ ಹೋದರು. ಗಟ್ಟಿಯಾಗಿ ಓದಿದರು. "ಚಾಲಕರು ತಪ್ಪಿತಸ್ಥರೆಂದು ತೀರ್ಮಾನಿಸಲಾಗಿದೆ." ಓದಿ ತಿರುಗಿದರು. "ಅಲ್ಲಮ್ಮ, ತಪ್ಪಿತಸ್ಥ ಅಂತ ಬರೆದಿದಾರಲ್ಲ! ಇದನ್ನ ಯಾರಾದ್ರೂ ಗೋಡೆಗೆ ಹಾಕ್ತಾರಾ?"

"ಅದು ಮೊದಲನೇ ಸಾಲು," ಎಂದಳು ಹೆಂಡತಿ, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾ. "ಎರಡನೇದು ಓದಿ. ಜೋರಾಗಿ ಓದಿ, ಹೊರಗಿರೋರಿಗೂ ಕೇಳಿಸಲಿ."

ಪೋಸ್ಟ್ ಮಾಸ್ತರು ಓದಿದರು. "ಇಲಾಖೆಯ ಬಳಿ ಇಲ್ಲದಿದ್ದ ಪುರಾವೆಯನ್ನು ಚಾಲಕರೇ ಕ್ಯಾಲ್ಕುಲಸ್ಸಿನ ಆಧಾರದ ಮೇಲೆ, ತಮ್ಮ ಮಗಳ ನೆರವಿನಿಂದ, ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಒದಗಿಸಿರು..."

"ಇನ್ನೂ ಜೋರಾಗಿ," ಎಂದಳು ಹೆಂಡತಿ.